ವಾರಕ್ಕೊಂದು ಬಿಡಿಗಾಸು, ವರ್ಷಕ್ಕೊಂದು ಲೆಕ್ಕ

ಶಾಲೆಗೆ ಸಹಾಯ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಒಂದು ದಿನದ ಕಾರ್ಯಕ್ರಮ. ಆಗಸ್ಟ್ 15ಕ್ಕೆ ನೋಟ್‌ಬುಕ್ ಹಂಚುವುದು, ನಾಲ್ಕು ಫೋಟೊ ತೆಗೆಯುವುದು, ಸ್ಟೇಟಸ್‌ಗೆ ಹಾಕುವುದು. ಆದರೆ ಮಕ್ಕಳಿಗೆ ನೋಟ್‌ಬುಕ್ ಡಿಸೆಂಬರ್‌ನಲ್ಲೂ ಬೇಕಲ್ಲವೇ? ಎಲ್ಲೋ ದೂರದಲ್ಲಿರುವವರು ಒಂದು ಶಾಲೆಯನ್ನು ವರ್ಷಗಟ್ಟಲೆ ಹೇಗೆ ನಡೆಸಬಹುದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಹಳೆಯದೊಂದು ಉದಾಹರಣೆ ಇದೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಎರಡೇ ವರ್ಷಕ್ಕೆ ಅಲ್ಲೊಂದು ಕನ್ನಡ ಶಾಲೆ ತೆರೆದರು. ಧರ್ಮಪ್ರಚಾರ ಅವರ ಮುಖ್ಯ ಉದ್ದೇಶವಾಗಿತ್ತು, ನಿಜ. ಆದರೆ ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆ, ಕಿಟೆಲ್ ಅವರ ನಿಘಂಟು ಎಲ್ಲವೂ ಆ ಕೆಲಸದ ಜೊತೆಗೇ ಬಂದವು.

ಇದಕ್ಕೆಲ್ಲ ಹಣ ಎಲ್ಲಿಂದ ಬಂತು? ಶ್ರೀಮಂತರು ಕೊಟ್ಟರು, ಆದರೆ ಅವರಷ್ಟೇ ಅಲ್ಲ. 1855ರಲ್ಲಿ ಬಾಸೆಲ್‌ನಲ್ಲಿ ‘ಅರ್ಧ ಬಾಟ್ಜನ್’ ಸಂಗ್ರಹ ಶುರುವಾಯಿತು. ಬಾಟ್ಜನ್ ಅಂದರೆ ಅಲ್ಲಿನ ಚಿಲ್ಲರೆ ನಾಣ್ಯ. ವಾರಕ್ಕೆ ಅರ್ಧ ಬಾಟ್ಜನ್ ಕೊಟ್ಟರೆ ಸಾಕು, ಬಡ ಕೂಲಿಕಾರನೂ ಶಾಲೆ ನಡೆಸುವವರಲ್ಲಿ ಒಬ್ಬನಾಗುತ್ತಿದ್ದ. ಕೊಟ್ಟವರಿಗೆ ಮಿಷನ್ ಪ್ರತಿ ವರ್ಷ ವರದಿ ಅಚ್ಚು ಹಾಕಿಸುತ್ತಿತ್ತು. ಎಷ್ಟು ಶಾಲೆ, ಎಷ್ಟು ಮಕ್ಕಳು, ಖರ್ಚೆಷ್ಟು ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಕಡಲಾಚೆಯ ಶಾಲೆಯನ್ನು ಎಂದೂ ನೋಡದವನಿಗೆ ತನ್ನ ಕಾಸು ಎಲ್ಲಿ ಹೋಯಿತೆಂದು ಗೊತ್ತಾಗುತ್ತಿದ್ದುದು ಹೀಗೆ.

ಆದರೆ 1914ರಲ್ಲಿ ಮಹಾಯುದ್ಧ ಶುರುವಾಯಿತು. ಮಿಷನ್‌ನಲ್ಲಿದ್ದ ಜರ್ಮನ್ನರನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟಿತು, ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು. ಶಾಲೆಗಳ ಹೊಣೆ ಬೇರೆಯವರ ಕೈಗೆ ಹೋಯಿತು. ದೂರದ ಹಣಕ್ಕೆ ಇರುವ ಅಪಾಯ ಇದೇ. ಯಾವುದೋ ದೇಶದ ತೀರ್ಮಾನಕ್ಕೆ ಇಲ್ಲಿನ ಶಾಲೆ ಅಲ್ಲಾಡುತ್ತದೆ.

ಹಾಗಾದರೆ ಹತ್ತಿರದ ಹಣ? ಅದಕ್ಕೆ ನಮ್ಮ ಮಾಗಡಿಯವರೇ ಸಾಕ್ಷಿ. 1907ರಲ್ಲಿ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಶಿವಕುಮಾರ ಸ್ವಾಮೀಜಿ 1941ರಲ್ಲಿ ಸಿದ್ಧಗಂಗಾ ಮಠದ ಹೊಣೆ ಹೊತ್ತರು. ಮಠದ ಮಕ್ಕಳಿಗಾಗಿ ಅವರು ಹಳ್ಳಿ ಹಳ್ಳಿ ಸುತ್ತಿ ಭಿಕ್ಷೆ ತಂದರು. ರೈತರು ಸುಗ್ಗಿ ಮುಗಿದ ಮೇಲೆ ರಾಗಿ, ಅಕ್ಕಿ, ತೆಂಗಿನಕಾಯಿ ಕೊಟ್ಟರು. ಜಾತಿ ಧರ್ಮ ಕೇಳದೆ ಸಾವಿರಾರು ಮಕ್ಕಳು ಅಲ್ಲಿ ಉಂಡು ಓದಿದರು. ಕೊಟ್ಟವರು ಜಾತ್ರೆಗೆ ಹೋದಾಗ ಸಾಲಾಗಿ ಊಟಕ್ಕೆ ಕೂತ ಮಕ್ಕಳನ್ನು ಕಣ್ಣಾರೆ ನೋಡಿ ಬರುತ್ತಿದ್ದರು. ಅದಕ್ಕಿಂತ ದೊಡ್ಡ ವಾರ್ಷಿಕ ವರದಿ ಬೇಕೆ?

ಈಗ ನಮ್ಮ ಸರದಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಹುಡುಗರು ಬೆಂಗಳೂರಿನಲ್ಲಿದ್ದಾರೆ, ದುಬೈ, ಅಮೆರಿಕದಲ್ಲೂ ಇದ್ದಾರೆ. ಅವರು ಓದಿದ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ಕಡೆ ಮಕ್ಕಳ ಸಂಖ್ಯೆ ಕಮ್ಮಿಯಾಗುತ್ತಿದೆ. ಮಕ್ಕಳು ಬರದಿದ್ದರೆ ಶಾಲೆ ಉಳಿಯುವುದಿಲ್ಲ.

ನಮ್ಮೂರ ಶಾಲೆಯ ಹಳೆ ವಿದ್ಯಾರ್ಥಿಗಳದ್ದೊಂದು ವಾಟ್ಸ್‌ಆ್ಯಪ್ ಗುಂಪಿದೆ. ಹೊರದೇಶದಲ್ಲಿರುವ ಅಣ್ಣನೊಬ್ಬ ಒಮ್ಮೆ, ‘ಹೋದ ವರ್ಷ ಕೊಟ್ಟಿದ್ದು ಏನಾಯ್ತ್ರಪ್ಪಾ?’ ಎಂದು ಕೇಳಿದ. ಮೇಷ್ಟ್ರು ಒಂದು ಹಾಳೆಯಲ್ಲಿ ಬರೆದು ಫೋಟೊ ಕಳಿಸಿದರು: ನೀರಿನ ಫಿಲ್ಟರ್, ಎರಡು ಫ್ಯಾನ್, ಕಥೆ ಪುಸ್ತಕ, ಉಳಿಕೆ ಇಷ್ಟು. ಅದುವರೆಗೂ ಸುಮ್ಮನಿದ್ದವರು ಆ ವಾರವೇ ಹಣ ಹಾಕಿದರು.

ಬಿಇ ಓದುವ ನಮ್ಮಂಥವರ ಜೇಬಿನಲ್ಲಿ ದೊಡ್ಡ ಮೊತ್ತ ಇರುವುದಿಲ್ಲ. ಆದರೆ ತಿಂಗಳಿಗೆ ಎರಡು ಟೀ ದುಡ್ಡು ಕೊಡಬಹುದು. ರೇಷ್ಮೆ ಸಾಕುವ ಮನೆಯವರು ಗೂಡು ಮಾರಿದಾಗಲೆಲ್ಲ ಒಂದಿಷ್ಟು ತೆಗೆದಿಡಬಹುದು. ಲೆಕ್ಕ ಬರೆಯಲು ಒಂದು ಎಕ್ಸೆಲ್ ಹಾಳೆ ಸಾಕು, ಅದಂತೂ ನಮಗೆ ಬರುತ್ತದೆ. ಹಣ ಶಾಲಾ ಅಭಿವೃದ್ಧಿ ಸಮಿತಿಯ ಮೂಲಕವೇ ಹೋಗಲಿ, ರಸೀದಿ ಇರಲಿ. ವಿದೇಶಿ ಸಂಸ್ಥೆಗಳಿಂದ ಹಣ ತರಿಸುವುದಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು, ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು ಎಂಬುದೂ ನೆನಪಿರಲಿ.

ಶಾಲಾ ವಾರ್ಷಿಕೋತ್ಸವದ ದಿನ ಆ ಲೆಕ್ಕವನ್ನು ಊರವರೆಲ್ಲರ ಮುಂದೆ ಓದಿಬಿಡೋಣ. ಓದುವ ಕೆಲಸ ಏಳನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಕೊಡೋಣ. ಆ ಹಣ ಅವಳಿಗಾಗಿಯೇ ತಾನೆ ಬಂದದ್ದು!