ಔಷಧವನ್ನು ಹೊತ್ತು ತರುವ ಸಕ್ಕರೆಯ ಉಂಗುರ

2021ರ ಏಪ್ರಿಲ್-ಮೇ ತಿಂಗಳಲ್ಲಿ ರೆಮ್‌ಡೆಸಿವಿರ್ ಇಂಜೆಕ್ಷನ್‌ಗಾಗಿ ಹುಬ್ಬಳ್ಳಿ-ಧಾರವಾಡದಲ್ಲೂ ಎಷ್ಟೋ ಮನೆಯವರು ಅಲೆದಾಡಿದ್ದು ನೆನಪಿರಬಹುದು. ಮೂಲ ಕಂಪನಿಯ ಪುಡಿ ರೂಪದ ಬಾಟಲಿಯಲ್ಲಿ ಔಷಧ ಇದ್ದದ್ದು 100 ಮಿಲಿಗ್ರಾಂ ಮಾತ್ರ. ಅದರ ಮೂವತ್ತು ಪಟ್ಟು, ಅಂದರೆ 3 ಗ್ರಾಂ, ಬೇರೆಯೇ ಒಂದು ವಸ್ತು ಇತ್ತು. ಅದು ಸೈಕ್ಲೋಡೆಕ್ಸ್‌ಟ್ರಿನ್ ಜಾತಿಯದ್ದು.

ಇದೇಕೆ ಬೇಕು? ಎಷ್ಟೋ ಔಷಧಗಳು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಕರಗದ್ದನ್ನು ರಕ್ತನಾಳಕ್ಕೆ ಕೊಡಲು ಬರುವುದಿಲ್ಲ. ಸೈಕ್ಲೋಡೆಕ್ಸ್‌ಟ್ರಿನ್ ಅಂದರೆ 6, 7 ಅಥವಾ 8 ಗ್ಲೂಕೋಸ್ ಕಣಗಳು ಕೈ ಕೈ ಹಿಡಿದು ಆದ ಉಂಗುರ. ತಳವಿಲ್ಲದ ಲೋಟದ ಹಾಗೆ ಉಂಟು. ಹೊರಮೈ ನೀರಿಗೆ ಹೊಂದುತ್ತದೆ, ಒಳಮೈ ನೀರಿಗೆ ಒಗ್ಗದ ಔಷಧವನ್ನು ಹಿಡಿದುಕೊಳ್ಳುತ್ತದೆ. ವಿಜ್ಞಾನಿಗಳು ಉಂಗುರವನ್ನು ‘ಆತಿಥೇಯ’, ಔಷಧವನ್ನು ‘ಅತಿಥಿ’ ಅನ್ನುತ್ತಾರೆ. ದೇಹದೊಳಗೆ ಹೋದ ಮೇಲೆ ಅತಿಥಿ ಇಳಿದು ತನ್ನ ಕೆಲಸಕ್ಕೆ ಹೋಗುತ್ತಾನೆ.

1891ರಲ್ಲಿ ಫ್ರಾನ್ಸಿನ ವಿಲಿಯೆ ಎಂಬವರು ಇದನ್ನು ಪಿಷ್ಟದಿಂದ ಮೊದಲು ಪಡೆದರು. ಧಾರವಾಡದ ಹೊಲಗಳ ಗೋವಿನಜೋಳದಲ್ಲಿ ಇರುವುದೂ ಅದೇ ಪಿಷ್ಟ. ಕ್ಯಾಪ್ಸೂಲಿನ ಜೆಲಟಿನ್ ಬಗ್ಗೆ ನಮ್ಮ ಮನೆಗಳಲ್ಲಿ ಪ್ರಶ್ನೆ ಬರುತ್ತದಲ್ಲ, ಈ ಉಂಗುರದ ಮೂಲ ಮಾತ್ರ ಸಸ್ಯವೇ.

ಹೊತ್ತು ತರುವುದಷ್ಟೇ ಅಲ್ಲ, ಹೊತ್ತು ಒಯ್ಯುವುದೂ ಇದಕ್ಕೆ ಗೊತ್ತು. ಆಪರೇಷನ್ ವೇಳೆ ಸ್ನಾಯು ಸಡಿಲಿಸಲು ಕೊಟ್ಟ ರೊಕುರೋನಿಯಂ ಔಷಧವನ್ನು ಸುಗಾಮಡೆಕ್ಸ್ ಎಂಬ ಉಂಗುರ ಹಿಡಿದುಕೊಂಡು ಅದರ ಪ್ರಭಾವ ತೆಗೆಯುತ್ತದೆ. ಯುರೋಪಿನಲ್ಲಿ 2008ರಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿತು.

ಮನೆಯವರು ಗಮನಿಸಬೇಕಾದ್ದು ಎರಡು. ಒಂದು, ಇಂಜೆಕ್ಷನ್ ಮೂಲಕ ಬಂದ ಉಂಗುರ ಮೂತ್ರದಲ್ಲಿ ಹೊರಹೋಗುತ್ತದೆ. ಕಿಡ್ನಿ ದುರ್ಬಲ ಇದ್ದರೆ ಅದು ಒಳಗೇ ಉಳಿಯಬಹುದು. ರೆಮ್‌ಡೆಸಿವಿರ್‌ಗೆ ಮೊದಲು ಇದ್ದ ಈ ನಿರ್ಬಂಧವನ್ನು ಅಮೆರಿಕ 2023ರಲ್ಲಿ ಸಡಿಲಿಸಿತು. ಆದರೆ ಫಂಗಸ್‌ಗೆ ಕೊಡುವ ವೊರಿಕೊನಜೋಲ್, ಪೊಸಕೊನಜೋಲ್ ಇಂಜೆಕ್ಷನ್‌ಗಳಿಗೆ ಎಚ್ಚರಿಕೆ ಈಗಲೂ ಉಂಟು. ಎರಡು, ಹುಳುಕಡ್ಡಿಗೆ ಬರೆಯುವ ಇಟ್ರಾಕೊನಜೋಲ್. ಸಾಮಾನ್ಯ ಕ್ಯಾಪ್ಸೂಲನ್ನು ಊಟದ ಜೊತೆ ನುಂಗಬೇಕು. ಸೈಕ್ಲೋಡೆಕ್ಸ್‌ಟ್ರಿನ್ ಇರುವ ದ್ರವವನ್ನು ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕು. ಹೆಸರು ಒಂದೇ ಅಂತ ಒಂದರ ಬದಲು ಇನ್ನೊಂದು ತೆಗೆದುಕೊಳ್ಳಬಾರದು.

ಉಮ್ಮನಿಗೋ ಬಾಪನಿಗೋ ಕಿಡ್ನಿ ತೊಂದರೆ, ಡಯಾಲಿಸಿಸ್ ಇದ್ದರೆ ಡಾಕ್ಟರು ಕೇಳುವ ಮೊದಲೇ ಹೇಳಿಬಿಡಿ. ಮದ್ದಿನ ಜೊತೆ ಏನು ಬರುತ್ತದೆ ಎಂದು ವಿಚಾರಿಸಲು ಸಂಕೋಚ ಬೇಡ.