ಬರೆದ ಪ್ರತಿ ಸಾಲೂ ಒಂದು ಪ್ರಶ್ನೆ: ರೋಡ್ಸ್ ಸಂದರ್ಶನಕ್ಕೆ ತಯಾರಿ

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿದ್ದ ಗಿರೀಶ ಕಾರ್ನಾಡರು 1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್‌ಗೆ ಹೋದರು. ಅಲ್ಲಿ ಓದಿದ್ದು ತತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ. ರೋಡ್ಸ್‌ಗೆ ನಡೆಯುವ ಆಯ್ಕೆ ಅಂಕಪಟ್ಟಿಯ ಆಚೆಗೂ ನೋಡುತ್ತದೆ. ಸೆಸಿಲ್ ರೋಡ್ಸ್‌ನ ಉಯಿಲಿನ ಪ್ರಕಾರ 1902ರಲ್ಲಿ ಹುಟ್ಟಿದ ಈ ವಿದ್ಯಾರ್ಥಿವೇತನ ಭಾರತೀಯರಿಗೆ ತೆರೆದದ್ದು 1947ರಲ್ಲಿ, ಹೆಣ್ಣುಮಕ್ಕಳಿಗೆ 1977ರಲ್ಲಿ. ಆಕ್ಸ್‌ಫರ್ಡ್‌ನ ಶುಲ್ಕ, ವಿಮಾನದ ಖರ್ಚು, ತಿಂಗಳ ಜೀವನವೆಚ್ಚ ಎಲ್ಲವೂ ಸಿಗುತ್ತದೆ. ಇಡೀ ದೇಶಕ್ಕೆ ಸಿಗುವ ಜಾಗಗಳು ಮಾತ್ರ ಬೆರಳೆಣಿಕೆಯಷ್ಟು. ಹಾಗಾಗಿ ಕೊನೆಯ ಸುತ್ತಿಗೆ ಬಂದವರೆಲ್ಲ ಓದಿನಲ್ಲಿ ಗಟ್ಟಿಗರೇ ಆಗಿರುತ್ತಾರೆ. ಯಾರಿಗೆ ಎಂಬುದು ತೀರ್ಮಾನವಾಗುವುದು ಸಂದರ್ಶನದಲ್ಲಿ.

ಸಂದರ್ಶನಕ್ಕೆ ಪತ್ರ ಬಂದ ಕೂಡಲೇ ಬಹಳ ಮಂದಿ ಮಾಡುವ ಕೆಲಸ ಸಾಮಾನ್ಯ ಜ್ಞಾನದ ಪುಸ್ತಕ ತೆರೆಯುವುದು. ಅದನ್ನು ಮುಚ್ಚಿಟ್ಟು ನೀವೇ ಸಲ್ಲಿಸಿದ ಅರ್ಜಿಯ ಪ್ರತಿಯನ್ನು ತೆಗೆಯಿರಿ. ಆಯ್ಕೆ ಸಮಿತಿಯವರ ಮುಂದೆ ಇರುವುದು ಅದೇ. ಅರ್ಜಿಯ ಜೊತೆಗಿನ ಹೇಳಿಕೆಯನ್ನು ಬೇರೆಯವರ ನೆರವಿಲ್ಲದೆ ಬರೆದಿದ್ದೇನೆ ಎಂದು ಅಭ್ಯರ್ಥಿ ದೃಢೀಕರಿಸಬೇಕೆಂಬ ನಿಯಮವೂ ಇದೆ. ಅಂದಮೇಲೆ ಅದರ ಪ್ರತಿ ಸಾಲಿಗೂ ನೀವೇ ಹೊಣೆ.

ಒಂದು ಉದಾಹರಣೆ ನೋಡೋಣ. ಪಾವಗಡ ತಾಲೂಕಿನ ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ಪರೀಕ್ಷೆ ಮಾಡಿ ಜಾಗೃತಿ ಮೂಡಿಸಿದೆ ಎಂದು ಒಬ್ಬಳು ಬರೆದಿದ್ದಾಳೆ ಅಂತಿಟ್ಟುಕೊಳ್ಳಿ. ಮೊದಲ ಪ್ರಶ್ನೆ ಸಲೀಸಾದದ್ದು: ಎಷ್ಟು ಬೋರ್‌ವೆಲ್, ಯಾವ ಕಿಟ್? ಎರಡನೆಯದು ಸ್ವಲ್ಪ ಆಳಕ್ಕೆ ಇಳಿಯುತ್ತದೆ: ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಅವಕಾಶ, ನೀವು ಊರವರಿಗೆ ಯಾವುದನ್ನು ಹೇಳಿದಿರಿ, ಯಾಕೆ? ಆಮೇಲೆ ಯಾರೋ ಒಬ್ಬರು ಕೇಳುತ್ತಾರೆ: ಶುದ್ಧ ಕುಡಿಯುವ ನೀರಿನ ಘಟಕ ಹೊರಹಾಕುವ ನೀರು ಎಲ್ಲಿಗೆ ಹೋಗುತ್ತದೆ? ಫ್ಲೋರೈಡ್ ಇನ್ನಷ್ಟು ಗಾಢವಾಗಿರುವ ಆ ನೀರು ಚರಂಡಿಗೋ ಹೊಲಕ್ಕೋ ಹರಿಯುತ್ತಿದ್ದರೆ, ಅದನ್ನು ಗಮನಿಸಿದವಳಿಗೆ ಮಾತು ತಾನಾಗಿ ಬರುತ್ತದೆ. ಫೋಟೋ ತೆಗೆಸಿಕೊಂಡು ಬಂದವಳು ತಡವರಿಸುತ್ತಾಳೆ. ಕೊನೆಗೊಂದು ಪ್ರಶ್ನೆ ಹೆಚ್ಚುಕಡಿಮೆ ಖಚಿತ: ನೀವು ಬಂದ ಮೇಲೆ ಆ ಕೆಲಸ ಯಾರು ಮಾಡುತ್ತಿದ್ದಾರೆ? ‘ಈಗ ಯಾರೂ ಇಲ್ಲ, ಪಂಚಾಯ್ತಿಯವರನ್ನು ಮೊದಲಿನಿಂದಲೇ ಸೇರಿಸಿಕೊಳ್ಳಬೇಕಿತ್ತು’ ಎನ್ನುವುದು ಒಳ್ಳೆಯ ಉತ್ತರವೇ. ‘ಎಲ್ಲ ಚೆನ್ನಾಗಿ ನಡೆಯುತ್ತಿದೆ’ ಎಂದರೆ ಮುಂದಿನ ಐದು ನಿಮಿಷ ಅದನ್ನೇ ಕೆದಕುತ್ತಾರೆ.

ಅರ್ಜಿಯನ್ನು ಹೀಗೆ ಸಾಲುಸಾಲಾಗಿ ಓದಿ, ಪ್ರತಿ ಸಾಲಿನ ಪಕ್ಕ ಒಬ್ಬ ತಂಟೆಕೋರ ಕೇಳಬಹುದಾದ ಮೂರು ಪ್ರಶ್ನೆ ಬರೆದುಕೊಳ್ಳಿ. ಉತ್ತರ ಬರೆಯಬೇಡಿ. ಬರೆದರೆ ಬಾಯಿಪಾಠ ಆಗುತ್ತದೆ, ಬಾಯಿಪಾಠ ಎದುರಿನವರಿಗೆ ಎರಡೇ ವಾಕ್ಯದಲ್ಲಿ ತಿಳಿದುಬಿಡುತ್ತದೆ. ನಮ್ಮ ವೈವಾ ಪರೀಕ್ಷೆಗಳ ಅಭ್ಯಾಸ ಇಲ್ಲಿ ಅಡ್ಡಿ: ಕೇಳಿದ ತಕ್ಷಣ ವ್ಯಾಖ್ಯಾನ ಒಪ್ಪಿಸುವುದು, ಗೊತ್ತಿಲ್ಲದಿದ್ದರೂ ಏನಾದರೂ ಹೇಳಿ ಅರ್ಧ ಅಂಕ ಗಿಟ್ಟಿಸುವುದು. ಸಮಿತಿಯವರು ಅರ್ಧ ಅಂಕ ಕೊಡುವುದಿಲ್ಲ. ಗೊತ್ತಿಲ್ಲ ಎಂದು ಹೇಳಿ, ಗೊತ್ತಿರುವುದರಿಂದ ಹೇಗೆ ಊಹಿಸುತ್ತೀರಿ ಎಂದು ತೋರಿಸಿ.

ಎಲ್ಲರೂ ಎದುರು ನೋಡಬೇಕಾದ ಒಂದು ಪ್ರಶ್ನೆ ಹಣದ ಮೂಲದ್ದು. ರೋಡ್ಸ್ ದಕ್ಷಿಣ ಆಫ್ರಿಕಾದ ವಜ್ರದ ಗಣಿಗಳಲ್ಲಿ ದುಡ್ಡು ಮಾಡಿದ ಸಾಮ್ರಾಜ್ಯವಾದಿ. 2015ರಲ್ಲಿ ಕೇಪ್‌ಟೌನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹೋರಾಡಿ ಅವನ ಪ್ರತಿಮೆ ತೆಗೆಸಿದರು; ಆಕ್ಸ್‌ಫರ್ಡ್‌ನ ಓರಿಯಲ್ ಕಾಲೇಜಿನ ಮುಂದೆಯೂ ಅದೇ ಕೂಗು ಎದ್ದಿತು. ಆ ಹಣ ನಿಮಗೆ ಹೇಗೆ ಒಪ್ಪಿಗೆ ಎಂದು ಕೇಳಿದರೆ ಮುಜುಗರಪಟ್ಟು ‘ಅದೆಲ್ಲ ಹಳೆಯ ಕಥೆ’ ಎನ್ನಬೇಡಿ. ಅವನನ್ನು ಹಿಗ್ಗಾಮುಗ್ಗಾ ಬೈದು ಕೈತೊಳೆದುಕೊಳ್ಳುವುದೂ ಸುಲಭದ ದಾರಿಯೇ. (ಆಕ್ಸ್‌ಫರ್ಡ್‌ನ ರೋಡ್ಸ್ ಹೌಸ್ ಕಟ್ಟಿದ ಹರ್ಬರ್ಟ್ ಬೇಕರ್, ದೆಹಲಿಯ ನಾರ್ತ್ ಬ್ಲಾಕ್, ಸೌತ್ ಬ್ಲಾಕ್‌ಗಳ ವಾಸ್ತುಶಿಲ್ಪಿ ಕೂಡ. ಸಾಮ್ರಾಜ್ಯದ ಕಟ್ಟಡಗಳಲ್ಲಿ ನಾವು ಸರ್ಕಾರವನ್ನೇ ನಡೆಸಿದ್ದೇವೆ.) ನಿಮ್ಮ ನಿಲುವು ಯಾವುದಾದರೂ ಇರಲಿ, ಮರುಪ್ರಶ್ನೆ ಬಂದಾಗ ಅದು ನಿಲ್ಲುತ್ತದೆಯೇ ಎಂದು ಸ್ನೇಹಿತರೊಡನೆ ಜಗಳವಾಡಿಯೇ ನೋಡಿ.

ಇನ್ನೊಂದು: ಆಕ್ಸ್‌ಫರ್ಡೇ ಯಾಕೆ? ನಮ್ಮ ಪಾವಗಡದ ಹುಡುಗಿ ಅಲ್ಲಿನ ನೀರಿನ ವಿಜ್ಞಾನ ಮತ್ತು ನೀತಿಯ ಎಂಎಸ್ಸಿ ಬೇಕು ಎನ್ನಬಹುದು. ಬೆಂಗಳೂರಿನ ಐಐಎಸ್‌ಸಿಯಲ್ಲೇ ಓದಬಹುದಲ್ಲ ಎಂಬ ಮಾತಿಗೆ ಅವಳ ಹತ್ತಿರ ಉತ್ತರ ಬೇಕು. ವಿಶ್ವವಿದ್ಯಾಲಯದ ಕೀರ್ತಿ ಉತ್ತರವಲ್ಲ. ಆ ಕೋರ್ಸಿನಲ್ಲಿ ಏನು ಕಲಿಸುತ್ತಾರೆ, ಅದರಲ್ಲಿ ತನಗೆ ಯಾವುದು ಬರುವುದಿಲ್ಲ ಎಂಬುದು ಉತ್ತರ.

ಅಭ್ಯಾಸಕ್ಕೆ ಮೂವರನ್ನು ಕೂರಿಸಿಕೊಳ್ಳಿ: ನಿಮ್ಮ ವಿಷಯ ಬಲ್ಲ ಮೇಷ್ಟ್ರು, ಆ ವಿಷಯದ ಗಂಧವೂ ಇಲ್ಲದವರು, ಹೇಳಿದ್ದಕ್ಕೆಲ್ಲ ಎದುರಾಡುವವರು. ನನ್ನನ್ನು ಕೇಳಿದರೆ ಎರಡನೆಯವರೇ ಮುಖ್ಯ. ಯಾಕೆಂದರೆ ನಿಜವಾದ ಸಮಿತಿಯಲ್ಲಿ ಬೇರೆ ಬೇರೆ ಕ್ಷೇತ್ರದವರು, ಹಿಂದೆ ಇದೇ ವಿದ್ಯಾರ್ಥಿವೇತನ ಪಡೆದವರು ಸೇರಿರುತ್ತಾರೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಎಲ್ಲಿ ಓಡುತ್ತೀರಿ, ಎಲ್ಲಿ ‘ಬೇಸಿಕಲಿ’ ಅಂತ ಎಳೆಯುತ್ತೀರಿ ಗೊತ್ತಾಗುತ್ತದೆ. ಕನ್ನಡ ಮಾಧ್ಯಮದಿಂದ ಬಂದವರು ಉಚ್ಚಾರಣೆಗೆ ಹೆದರಬೇಕಿಲ್ಲ. ಚಿಕ್ಕ ವಾಕ್ಯ, ನಿಧಾನ ಮಾತು, ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳುವ ಧೈರ್ಯ ಸಾಕು.

ಕೊನೆಯ ಸಂದರ್ಶನಕ್ಕೆ ಮುಂಚೆ ಸಮಿತಿಯವರೂ ಅಭ್ಯರ್ಥಿಗಳೂ ಒಟ್ಟಿಗೆ ಸೇರುವ ಒಂದು ಅನೌಪಚಾರಿಕ ಕೂಟ ಇರುತ್ತದೆ. ಪಕ್ಕದಲ್ಲಿ ಕುಳಿತ ಪ್ರತಿಸ್ಪರ್ಧಿ ಏನು ಓದುತ್ತಿದ್ದಾನೆಂದು ಕೇಳಿ, ಅವನ ಮಾತು ಮುಗಿಯುವವರೆಗೆ ಕೇಳಿಸಿಕೊಳ್ಳಿ. ಉಯಿಲಿನ ಮಾನದಂಡಗಳಲ್ಲಿ ಓದಿನ ಜೊತೆಗೆ ದಯೆ, ನಿಸ್ವಾರ್ಥ, ಸಹಜೀವಿಗಳ ಬಗ್ಗೆ ಆಸಕ್ತಿ ಎಲ್ಲವೂ ಇವೆ.

ಆಯ್ಕೆಯಾದರೂ ಕೆಲಸ ಮುಗಿಯಲಿಲ್ಲ. ಆಕ್ಸ್‌ಫರ್ಡ್‌ಗೆ ಪ್ರತ್ಯೇಕವಾಗಿ ಅರ್ಜಿ ಹಾಕಿ ಪ್ರವೇಶ ಪಡೆಯಬೇಕು. ಅದು ಸಿಗದಿದ್ದರೆ ವಿದ್ಯಾರ್ಥಿವೇತನವೂ ಕೈಗೆ ಬರುವುದಿಲ್ಲ. ಆಯ್ಕೆಯಾಗದವರು, ವಯೋಮಿತಿ ಮೀರದಿದ್ದರೆ, ಮತ್ತೆ ಪ್ರಯತ್ನಿಸಬಹುದು. ಅದೇ ಪ್ರಶ್ನೆಗಳ ಪಟ್ಟಿ ಜೆ.ಎನ್. ಟಾಟಾ ದತ್ತಿಯ ಸಾಲರೂಪದ ವಿದ್ಯಾರ್ಥಿವೇತನದ ಸಂದರ್ಶನಕ್ಕೂ, ಎರಡು ವರ್ಷ ಕೆಲಸ ಮಾಡಿದ ಮೇಲೆ ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೂ ಉಪಯೋಗಕ್ಕೆ ಬರುತ್ತದೆ.