ಹಳೆಯ ಸ್ಪೋರ್ಟ್ಸ್ ಕಾರಿಗೆ ಯಾವ ಪುಸ್ತಕ?

ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ, ಇಂದಿಗೂ ಹವ್ಯಾಸಿಗಳು ಸ್ವತಃ ಬಿಚ್ಚಿ ಜೋಡಿಸುವ ಕಾರು. ಅದನ್ನು ಕೊಂಡವರು ರಿಪೇರಿಗೆ ಯಾವ ಪುಸ್ತಕ ಒಳ್ಳೆಯದು ಎಂದು ವಿಚಾರಿಸುತ್ತಾರೆ. ಕೇಳಬೇಕಾದದ್ದು ಬೇರೆ: ತಮ್ಮ ಕಾರಿಗೆ ಹೊಂದುವ ಪುಸ್ತಕ ಯಾವುದು? ಹೆಸರು ಒಂದೇ ಇದ್ದರೂ ಹದಿನೆಂಟು ವರ್ಷಗಳಲ್ಲಿ ಕಾರಿನ ಒಳಗೆಲ್ಲ ಬದಲಾಗಿದೆ. 1798 ಸಿಸಿ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿಗೆ ಮೊದಲು ಮೂರು ಮುಖ್ಯ ಬೇರಿಂಗ್‌ಗಳಿದ್ದವು. 1964ರ ಕೊನೆಯ ಹೊತ್ತಿಗೆ ಐದಾದವು. 1967ರ ಮಾರ್ಕ್ 2ರಲ್ಲಿ ಡೈನಮೊ ಹೋಗಿ ಆಲ್ಟರ್ನೇಟರ್ ಬಂತು. ಅಲ್ಲಿಯವರೆಗೆ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಮೈಗೆ ಸೇರಿಸುತ್ತಿದ್ದರು, ಆಮೇಲೆ ನೆಗೆಟಿವ್ ತುದಿಯನ್ನು. ಹಳೆಯ ವೈರಿಂಗ್ ನಕ್ಷೆ ನೋಡಿಕೊಂಡು ಹೊಸ ಮಾದರಿಗೆ ಬ್ಯಾಟರಿ ಕೂಡಿಸಿದರೆ ಆಲ್ಟರ್ನೇಟರಿನ ಡಯೋಡ್‌ಗಳು ಸುಟ್ಟುಹೋಗುತ್ತವೆ.

ಹೇನ್ಸ್ ಪುಸ್ತಕವೊಂದಿದ್ದರೆ ಸಾಲದೇ ಎನ್ನುವವರಿದ್ದಾರೆ. ಜಾನ್ ಹೇನ್ಸ್ 1966ರಲ್ಲಿ ಆಸ್ಟಿನ್-ಹೀಲಿ ಸ್ಪ್ರೈಟ್‌ನಿಂದ ಆರಂಭಿಸಿದ ಈ ಮಾಲೆಯ ಹೆಚ್ಚುಗಾರಿಕೆ ದೊಡ್ಡದು. ಕಾರನ್ನು ನಿಜವಾಗಿ ಬಿಚ್ಚಿ, ಹಂತಹಂತವಾಗಿ ಫೋಟೊ ತೆಗೆದು, ಮನೆಯ ಶೆಡ್ಡಿನಲ್ಲಿ ಸ್ಪ್ಯಾನರ್ ಹಿಡಿದವನಿಗೆ ಅರ್ಥವಾಗುವಂತೆ ಬರೆದದ್ದು. ಕಂಪನಿಯ ವರ್ಕ್‌ಶಾಪ್ ಮ್ಯಾನ್ಯುಯಲ್ ಹಾಗಲ್ಲ. ತರಬೇತಿ ಪಡೆದ ಮೆಕ್ಯಾನಿಕ್, ವಿಶೇಷ ಟೂಲ್‌ಗಳು, ತುಕ್ಕು ಹಿಡಿಯದ ಕಾರು ಎಲ್ಲ ಇವೆ ಎಂದೇ ಅದರ ಲೆಕ್ಕ. ಆದರೆ ಹಲವು ವರ್ಷಗಳ ಮಾದರಿಗಳನ್ನು ಒಂದೇ ರಟ್ಟಿನೊಳಗೆ ತುಂಬುವ ಪುಸ್ತಕ ಪ್ರತಿ ಬದಲಾವಣೆಗೂ ಜಾಗ ಕೊಡಲಾರದು. ಜೋಡಿಸುವ ವಿಷಯ ಬಂದಾಗಲಂತೂ ಇಂಥ ಪುಸ್ತಕಗಳು ಬಿಚ್ಚಿದ್ದರ ಹಿಮ್ಮುಖ ಕ್ರಮ ಎಂದು ಹೇಳಿ ಕೈತೊಳೆದುಕೊಳ್ಳುತ್ತವೆ. ಹಿಂದಿನ ಮಾಲೀಕ ಬಿಚ್ಚಿ ಪೆಟ್ಟಿಗೆಗಳಲ್ಲಿ ತುಂಬಿಟ್ಟ ಕಾರನ್ನು ಕೊಂಡವನ ಗತಿಯೇನು? ಅಲ್ಲಿ ಕೈಹಿಡಿಯುವುದು ಕಂಪನಿಯ ಪಾರ್ಟ್ಸ್ ಕ್ಯಾಟಲಾಗ್. ಯಾವ ವಾಷರ್ ಯಾವ ಬೋಲ್ಟಿನ ಹಿಂದೆ, ಯಾವ ಕಾರ್ ನಂಬರಿನಿಂದ ಯಾವ ಭಾಗ ಬದಲಾಯಿತು ಎಂಬುದು ಅದರ ಬಿಡಿಸಿಟ್ಟ ಚಿತ್ರಗಳಲ್ಲೂ ಪಟ್ಟಿಗಳಲ್ಲೂ ಸಿಗುತ್ತದೆ. ಅಂಗಡಿಯವರ ಪಟ್ಟಿ ಎಂದು ಜನ ಅದನ್ನು ಕಡೆಗಣಿಸುವುದು ದಡ್ಡತನವೇ ಸರಿ.

ಅನುಭವಿ ಮೆಕ್ಯಾನಿಕ್‌ಗೆ ಪುಸ್ತಕವೇಕೆ ಎಂಬ ಮಾತೂ ಇದೆ. ನಮ್ಮ ಅಂಬಾಸಿಡರಿನ 1489 ಸಿಸಿ ಎಂಜಿನ್ ಎಂಜಿಬಿ ಎಂಜಿನ್ನಿನ ಬಿ-ಸೀರೀಸ್ ಕುಟುಂಬದ್ದೇ ಆದ್ದರಿಂದ, ಅದನ್ನು ಬಿಚ್ಚಿ ಪಳಗಿದ ಕೈಗೆ ಇದೇನೂ ಅಪರಿಚಿತವಲ್ಲ. ಆದರೆ ಬೇರಿಂಗ್ ಕ್ಯಾಪಿನ ಬೋಲ್ಟನ್ನು ಎಷ್ಟು ಬಿಗಿಯಬೇಕು, ವಾಲ್ವ್ ಸಂದು ಎಷ್ಟಿರಬೇಕು ಎಂಬುದನ್ನು ಅಂದಾಜಿಗೆ ಬಿಡುವಂತಿಲ್ಲ. ವರ್ಷಕ್ಕೆ ಸರಿಯಾದ ಕ್ಯಾಟಲಾಗ್ ಮೊದಲು, ಕಂಪನಿಯ ಮ್ಯಾನ್ಯುಯಲ್ ಆಮೇಲೆ, ಕೈ ಪಳಗದವರಿಗೆ ಜೊತೆಗೊಂದು ಹೇನ್ಸ್. ಇಷ್ಟು ಹಳೆಯ ಕಾರಿನಲ್ಲಿ ಎಂಜಿನ್ನೇ ಬದಲಾಗಿರುವ ಸಂಭವವೂ ಉಂಟು. ಹಾಗಾಗಿ ಪುಸ್ತಕಕ್ಕೆ ದುಡ್ಡು ಕೊಡುವ ಮುನ್ನ ಬಾನೆಟ್ ಎತ್ತಿ, ಕಾರ್ ನಂಬರ್, ಎಂಜಿನ್ ನಂಬರ್ ಎರಡನ್ನೂ ಬರೆದುಕೊಳ್ಳಿ.